'ಎರಡು ವರ್ಷದಿಂದ' ಎಂಬುದಕ್ಕೆ 'ಸಿನ್ಸ್' ಏಕೆ ಬಾರದು? ಇಂಗ್ಲಿಷ್ ಅಧ್ಯಾಪಕಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ: ಮೇಡಂ, ಹೊಸ ಕಚೇರಿಯಲ್ಲಿ ಪರಿಚಯ ಹೇಳಿಕೊಳ್ಳುವಾಗ 'ಐ ಆ್ಯಮ್ ವರ್ಕಿಂಗ್ ಇನ್ ಅಕೌಂಟ್ಸ್ ಸಿನ್ಸ್ ಟೂ ಇಯರ್ಸ್' ಎಂದೆ. ಇಬ್ಬರು ಮುಖ ನೋಡಿಕೊಂಡು ನಕ್ಕರು. ತಪ್ಪೇನೆಂದು ಮಾತ್ರ ಯಾರೂ ಹೇಳಲಿಲ್ಲ.

ಉತ್ತರ: ನಕ್ಕವರಿಗೂ ಗೊತ್ತಿರಲಿಕ್ಕಿಲ್ಲ, ಬಿಡಿ. ತಪ್ಪು ಎರಡಿವೆ, ಎರಡೂ ಕನ್ನಡದಿಂದಲೇ ನುಸುಳಿದವು. 'ಎರಡು ವರ್ಷದಿಂದ', '2023ರಿಂದ' ಎರಡಕ್ಕೂ ನಮಗೆ ಒಂದೇ 'ಇಂದ' ಸಾಕು. ಇಂಗ್ಲಿಷ್ ಇಲ್ಲಿ ಕವಲೊಡೆಯುತ್ತದೆ. ಕ್ಯಾಲೆಂಡರಿನ ಮೇಲೆ ಬೆರಳಿಟ್ಟು 'ಇಲ್ಲಿಂದ ಶುರು' ಎನ್ನಬಹುದಾದರೆ 'ಸಿನ್ಸ್': ಸಿನ್ಸ್ ಮಂಡೇ, ಸಿನ್ಸ್ 2023, ಸಿನ್ಸ್ ಮೈ ವೆಡ್ಡಿಂಗ್. ಬೆರಳು ಮಡಚಿ ಎಣಿಸುವ ಅವಧಿಯಾದರೆ 'ಫಾರ್'.

ಎರಡನೆಯದು ಕ್ರಿಯಾಪದ. 'ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ' ಎಂದಾಗ ನಮ್ಮ ವರ್ತಮಾನಕಾಲ ಹಿಂದಿನದನ್ನೂ ಹೊತ್ತುಕೊಳ್ಳುತ್ತದೆ. 'ಆ್ಯಮ್ ವರ್ಕಿಂಗ್' ಅಷ್ಟು ಭಾರ ಹೊರುವುದಿಲ್ಲ. ಹಿಂದಿನಿಂದ ಇಲ್ಲಿಯವರೆಗೆ ಎಳೆದು ತರಲು 'ಹ್ಯಾವ್ ಬೀನ್' ಬೇಕು: 'ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ಅಕೌಂಟ್ಸ್ ಫಾರ್ ಟೂ ಇಯರ್ಸ್'. ಸಮಾಧಾನಕ್ಕೆ ಹೇಳುತ್ತೇನೆ, ಇಂಗ್ಲಿಷ್ ಕಲಿಯುವ ಜರ್ಮನ್ನರೂ ಇದೇ ಹೊಂಡಕ್ಕೆ ಬೀಳುತ್ತಾರೆ. ಅವರ 'ಜೈಟ್' ಎಂಬ ಪದವೂ ನಮ್ಮ 'ಇಂದ'ದಂತೆ ಎರಡೂ ಕೆಲಸ ಮಾಡುತ್ತದೆ.

ಮರುಪ್ರಶ್ನೆ: 'ಸಿನ್ಸ್ ಲಾಸ್ಟ್ ಟೂ ಇಯರ್ಸ್' ಎಂದರೆ?

ಉತ್ತರ: ಆಗದು. 'ಫಾರ್ ದ ಲಾಸ್ಟ್ ಟೂ ಇಯರ್ಸ್' ಎನ್ನಿ. 'ಸಿನ್ಸ್ ಲಾಸ್ಟ್ ಇಯರ್' ಮಾತ್ರ ಸರಿ. ಅಲ್ಲಿ ಬೆರಳಿಡಲು ಜಾಗವಿದೆ.

ಪ್ರಶ್ನೆ: ಎಫ್‌ಐಆರ್‌ಗೆ 'ಎ' ಹಾಕಬೇಕೋ 'ಆ್ಯನ್' ಹಾಕಬೇಕೋ? 'ಎಫ್' ವ್ಯಂಜನವಲ್ಲವೇ?

ಉತ್ತರ: ಅಕ್ಷರ ವ್ಯಂಜನ, ಆದರೆ ಲೆಕ್ಕಕ್ಕೆ ಬರುವುದು ಬಾಯಿಂದ ಹೊರಡುವ ಮೊದಲ ಸದ್ದು. 'ಎಫ್' ಶುರುವಾಗುವುದು ಸ್ವರದಿಂದ, ಆದ್ದರಿಂದ 'ಆ್ಯನ್ ಎಫ್‌ಐಆರ್', 'ಆ್ಯನ್ ಎಂಎ'. 'ಯೂನಿವರ್ಸಿಟಿ' ಯಕಾರದಿಂದ ಶುರುವಾಗುವುದರಿಂದ ಅದಕ್ಕೆ 'ಎ'. ಕನ್ನಡಿಗರಿಗೆ ಇಲ್ಲೊಂದು ಹೆಚ್ಚಿನ ತೊಡಕಿದೆ. ಪದದ ಮೊದಲಿಗೆ 'ಎ' ಬಂದರೆ ನಮ್ಮ ನಾಲಗೆ ಸದ್ದಿಲ್ಲದೆ ಯಕಾರ ಸೇರಿಸುತ್ತದೆ. ಎಲೆ 'ಯೆಲೆ'ಯಾಗುತ್ತದೆ, ಒಲೆ 'ವೊಲೆ'ಯಾಗುತ್ತದೆ. 'ಯೆಫ್‌ಐಆರ್' ಎನ್ನುವ ಕಿವಿಗೆ 'ಎ' ಸರಿಯೆನಿಸುವುದು ಸಹಜ. ಮೊದಲು ಆ ಯಕಾರವನ್ನು ಬಿಡಿಸಿಕೊಳ್ಳಿ, ಉಳಿದದ್ದು ತಾನಾಗಿ ಬರುತ್ತದೆ.

ಪ್ರಶ್ನೆ: ಸಭೆಯನ್ನು ನಿಗದಿಗಿಂತ ಮುಂಚೆಯೇ ಇಟ್ಟುಕೊಳ್ಳುವುದಕ್ಕೆ 'ಪ್ರಿಪೋನ್' ಬಳಸಬಹುದೇ?

ಉತ್ತರ: ಧಾರಾಳವಾಗಿ. ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ. ಭಾರತದ ಹೊರಗಿನವರಿಗೆ ಬರೆಯುವಾಗ ಮಾತ್ರ 'ಮೂವ್ ಅಪ್' ಅಥವಾ 'ಬ್ರಿಂಗ್ ಫಾರ್ವರ್ಡ್' ಎನ್ನಿ. ಪದ ತಪ್ಪೆಂದಲ್ಲ, ಅವರಿಗೆ ಅದರ ಪರಿಚಯ ಕಡಿಮೆ.

ಪ್ರಶ್ನೆ: ಫೋನಿನಲ್ಲಿ ಗ್ರಾಹಕ ಸೇವೆಯವರು 'ಯು ಹ್ಯಾವನ್ಟ್ ರಿಸೀವ್ಡ್ ದ ಪಾರ್ಸೆಲ್?' ಎಂದರು. 'ಯೆಸ್' ಎಂದೆ. ಪಾರ್ಸೆಲ್ ತಲುಪಿದೆಯೆಂದು ಬರೆದುಕೊಂಡು ದೂರನ್ನೇ ಮುಚ್ಚಿಬಿಟ್ಟರು!

ಉತ್ತರ: 'ಊಟ ಆಗಿಲ್ಲವೇ?' ಎಂದರೆ ನಾವು 'ಹೌದು, ಆಗಿಲ್ಲ' ಎನ್ನುತ್ತೇವೆ. ನಮ್ಮ 'ಹೌದು' ಕೇಳಿದವರ ಊಹೆಗೆ ಹಾಕುವ ಮುದ್ರೆ. ಇಂಗ್ಲಿಷಿನ 'ಯೆಸ್', 'ನೋ' ಊಹೆಯನ್ನು ನೋಡುವುದಿಲ್ಲ, ನಡೆದ ಸಂಗತಿಯನ್ನಷ್ಟೇ ನೋಡುತ್ತವೆ. ಪಾರ್ಸೆಲ್ ಬಂದಿಲ್ಲವೆಂದರೆ, ಪ್ರಶ್ನೆ ಹೇಗೇ ಇರಲಿ, 'ನೋ, ಐ ಹ್ಯಾವನ್ಟ್'. ವ್ಯಾಕರಣದ ಉಳಿದ ತಪ್ಪುಗಳಿಗೆ ಜನ ನಕ್ಕು ಸುಮ್ಮನಾಗುತ್ತಾರೆ, ಇದೊಂದು ಕೆಲಸವನ್ನೇ ಕೆಡಿಸುತ್ತದೆ. ಆದ್ದರಿಂದ ಬರೀ 'ಯೆಸ್' ಎಂದು ನಿಲ್ಲಿಸಬೇಡಿ, ಪೂರ್ತಿ ವಾಕ್ಯ ಹೇಳಿ.

ಇನ್ನೊಬ್ಬ ಸದಸ್ಯರು: ಈಗ ಅರ್ಥವಾಯಿತು! ಮೈಸೂರಿನ ರೈಲಿನಲ್ಲಿ ವಿದೇಶಿಯೊಬ್ಬರು ನನ್ನ ಪಕ್ಕದ ಸೀಟು ತೋರಿಸಿ 'ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?' ಎಂದು ಕೇಳಿದ್ದರು. ನಾನು ನಗುನಗುತ್ತಾ 'ಯೆಸ್, ಯೆಸ್' ಎಂದೆ. ಪಾಪ, ಸರಿದು ಬಾಗಿಲ ಬಳಿ ನಿಂತರು.

ಉತ್ತರ: 'ನನ್ನ ಅಭ್ಯಂತರವಿದೆ' ಎಂದು ಎರಡು ಸಲ ಹೇಳಿದಿರಿ! ಕೊನೆಯವರೆಗೂ ಕುಳಿತುಕೊಳ್ಳಲೇ ಇಲ್ಲವೇ?

ಅದೇ ಸದಸ್ಯರು: ಹೌದು ಮೇಡಂ, ಕುಳಿತುಕೊಳ್ಳಲಿಲ್ಲ.