ವಾಕ್-ಓ-ಮೀಟರ್ ಮತ್ತು ನನ್ನ ಏಣಿ

ಎಲ್ಲಾ ಶುರುವಾಗಿದ್ದು ನಮ್ಮ ಮೇಷ್ಟ್ರಿಂದ. ನಿವೃತ್ತಿಯಾದ ಮೇಲೆ ಮಾರ್ಕ್ಸ್ ಹಾಕೋಕೆ ಮಕ್ಕಳಿಲ್ಲ, ಕೈ ಕಡಿಯುತ್ತೆ, ಹಾಗಾಗಿ ರಾಜಕಾರಣಿಗಳ ಕಡೆ ತಿರುಗಿದ್ದಾರೆ. ಮೊನ್ನೆ ಬಂದವರೇ ಕನ್ನಡಕ ಸರಿಮಾಡಿಕೊಂಡು, "ಅಮೆರಿಕದ ರಾಜ್ಯಗಳಲ್ಲಿ ಗವರ್ನರ್, ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಆಗೋರು ಚುನಾವಣೆಗೆ ಮುಂಚೆ ಕೊಟ್ಟ ಮಾತುಗಳನ್ನು ಪತ್ರಕರ್ತರು ಬರೆದಿಟ್ಟುಕೊಂಡು ಆಮೇಲೆ ತಾಳೆ ನೋಡುತ್ತಾರೆ ಗೊತ್ತಾ? ವಿಸ್ಕಾನ್ಸಿನ್‌ನಲ್ಲಿ ಅದಕ್ಕೆ ವಾಕ್-ಓ-ಮೀಟರ್ ಅಂತಲೇ ಹೆಸರಿಟ್ಟಿದ್ದರು" ಎಂದರು.

"ನನ್ನ ವಾಚಿನಲ್ಲೂ ಇದೆ," ಅಂದ ಉದ್ದಣ್ಣ. "ದಿನಕ್ಕೆ ಎಷ್ಟು ಹೆಜ್ಜೆ ನಡೆದೆ ಅಂತ ತೋರಿಸುತ್ತೆ."

"ಅಲ್ಲಯ್ಯಾ, ವಾಕ್ ಅಂದರೆ ಮಾತು," ಅಂದರು ವಕೀಲರು. "ಮಾತು ಅಳೆಯೋ ಯಂತ್ರ."

"ಎರಡೂ ಅಲ್ಲ. ಅಲ್ಲಿ ಆಗಿನ ಗವರ್ನರ್ ಹೆಸರು ಸ್ಕಾಟ್ ವಾಕರ್." ಮೇಷ್ಟ್ರು ನಿಜ ಹೇಳಿದರೂ ನಮಗೆಲ್ಲ ಹಿಡಿಸಿದ್ದು ವಕೀಲರ ಅರ್ಥವೇ.

ವಿಷಯ ಏನಪ್ಪಾ ಅಂದರೆ, 2007ರಲ್ಲಿ ಫ್ಲಾರಿಡಾದ ಒಂದು ಪತ್ರಿಕೆಯವರು ರಾಜಕಾರಣಿಗಳ ಮಾತು ನಿಜವೋ ಸುಳ್ಳೋ ಅಂತ ಪರೀಕ್ಷಿಸೋಕೆ ಪಾಲಿಟಿಫ್ಯಾಕ್ಟ್ ಅಂತ ಶುರು ಮಾಡಿದರು. ಮೊದಲು ಒಬಾಮಾ ಕೊಟ್ಟ 500ಕ್ಕೂ ಹೆಚ್ಚು ಮಾತು ಹಿಡಿದುಕೊಂಡು ಕೂತರು, ಆಮೇಲೆ ರಾಜ್ಯಗಳ ಗವರ್ನರುಗಳ ಬೆನ್ನಿಗೂ ಬಿದ್ದರು. ಪೂರೈಸಿದ್ದು, ರಾಜಿಯಾಗಿದ್ದು, ಮುರಿದಿದ್ದು, ನಿಂತುಹೋಗಿದ್ದು, ನಡೀತಿರೋದು, ಹೀಗೆ ಖಾನೆಗಳು.

"ನಡೀತಿರೋದು ಅನ್ನೋ ಖಾನೆ ಇದೆಯಾ!" ಉದ್ದಣ್ಣನ ಮುಖ ಅರಳಿತು. ಅವನ ಮನೆಯ ಹಿಂದಿನ ಗೋಡೆಗೆ ಬಣ್ಣ ಹೊಡೆಯೋ ಕೆಲಸ ಮೂರು ವರ್ಷದಿಂದ ಅದೇ ಖಾನೆಯಲ್ಲಿದೆ.

ವಾಕರ್ ಹೇಳಿದ್ದು ಸ್ಪಷ್ಟವಾಗಿತ್ತು. ನಾಲ್ಕು ವರ್ಷದಲ್ಲಿ ಖಾಸಗಿ ವಲಯದಲ್ಲಿ 2.5 ಲಕ್ಷ ಕೆಲಸ. ಸಂಖ್ಯೆ ಇದೆ, ಗಡುವು ಇದೆ, ಮೇಷ್ಟ್ರಿಗೆ ಇಂಥ ಲೆಕ್ಕ ಅಂದರೆ ಪ್ರಾಣ. ಕೊನೆಗೆ ಬಂದಿದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮೀಟರಿನವರು 'ಮುರಿದ ಮಾತು' ಅಂತ ಮೊಹರು ಒತ್ತಿದರು. ಗುರಿ ಮುಟ್ಟಲ್ಲ ಅನ್ನೋದು ಗಡುವಿಗೆ ಮುಂಚೆಯೇ ಕಾಣುತ್ತಿತ್ತು, ಆದರೂ 2014ರಲ್ಲಿ ಜನ ಅವರನ್ನೇ ಮತ್ತೆ ಆರಿಸಿದರು.

"ಹಾಗಾದರೆ ಮೀಟರ್ ಯಾಕೆ ಮೇಷ್ಟ್ರೇ, ದಂಡಕ್ಕೆ?"

"ಥರ್ಮಾಮೀಟರ್ ಇಟ್ಟ ಕೂಡಲೇ ಜ್ವರ ಇಳಿಯುತ್ತೇನೋ?"

ವಕೀಲರಿಗೆ ಇದೆಲ್ಲ ಸಪ್ಪೆ. ಅವರಿಗೆ ಹಿಡಿಸಿದ್ದು ಫ್ಲಾರಿಡಾ ಕೇಸು, ಅದನ್ನು ಕೋರ್ಟಿನಲ್ಲಿ ವಾದ ಮಾಡೋ ಹಾಗೆ ಎದ್ದು ನಿಂತೇ ಹೇಳಿದರು. ಅಲ್ಲಿ 2010ರಲ್ಲಿ ಗವರ್ನರ್ ಚುನಾವಣೆ ಗೆದ್ದ ರಿಕ್ ಸ್ಕಾಟ್ ಅವರ ಘೋಷಣೆ: 7 ಹೆಜ್ಜೆ, 7 ವರ್ಷ, 7 ಲಕ್ಷ ಕೆಲಸ. ಕೇಳೋಕೆ ಜ್ಯೋತಿಷಿ ಬರೆದುಕೊಟ್ಟ ಹಾಗಿದೆ ಅಲ್ವಾ? ಆದರೆ ರಾಜ್ಯದ ಅರ್ಥಶಾಸ್ತ್ರಜ್ಞರು ಆಗಲೇ ಒಂದು ಅಂದಾಜು ಮಾಡಿದ್ದರು. ಗವರ್ನರ್ ಯಾರೇ ಆಗಲಿ, ಅಷ್ಟು ವರ್ಷದಲ್ಲಿ ಹೇಗೂ ಸುಮಾರು 10 ಲಕ್ಷ ಕೆಲಸ ತಾನಾಗೇ ಹುಟ್ಟುತ್ತೆ ಅಂತ. ಈಗ ಹೇಳಿ, ಈ 7 ಲಕ್ಷ ಆ 10 ಲಕ್ಷದ ಒಳಗಿನದೋ, ಅದರ ಮೇಲಿನದೋ? ಚುನಾವಣೆಯ ಚರ್ಚೆಯಲ್ಲಿ ಕೇಳಿದಾಗ ಅದರ ಮೇಲೆ ಅಂತಲೇ ಒಪ್ಪಿಕೊಂಡಿದ್ದರು. ಗೆದ್ದ ಮೇಲೆ ಆ 'ಮೇಲೆ' ಮೆಲ್ಲಗೆ ಕೆಳಗಿಳಿಯಿತು. ಬರೀ 7 ಲಕ್ಷ ಲೆಕ್ಕ ಹಿಡಿದರೆ ಆರಾಮಾಗಿ ಪಾಸು. 17 ಲಕ್ಷ ಅಂದರೆ ಬೇರೆಯೇ ಕಥೆ.

"ಅಂದರೆ," ನಾನು ಕೇಳಿದೆ, "ಸೂರ್ಯ ಹುಟ್ಟಿಸ್ತೀನಿ ಅಂತ ಮಾತು ಕೊಟ್ಟು ಬೆಳಿಗ್ಗೆ ಎದ್ದು ಕೈ ತೋರಿಸಿದ ಹಾಗೆ?"

"ಪೂರ್ತಿ ಹಾಗಲ್ಲ. ಮೋಡವೂ ಇರಬಹುದಿತ್ತಲ್ಲ," ಅಂದರು ವಕೀಲರು. ಫೀಸು ಕೊಟ್ಟಿದ್ದರೆ ಇನ್ನೂ ಎಳೆಯುತ್ತಿದ್ದರು.

ನನಗನ್ನಿಸಿದ್ದು ಇಷ್ಟೇ. ಮಾತು ಉಳಿಸಿಕೊಂಡರಾ ಅಂತ ನೋಡೋದು ಕಷ್ಟದ ಕೆಲಸ ಅಲ್ಲ, ಕೊಟ್ಟ ಮಾತು ಯಾವುದು ಅಂತ ಹಿಡಿಯೋದೇ ಕಷ್ಟ. ಸಂಖ್ಯೆ ಹೇಳಿದವರೇ ಹೀಗೆ ಕೈಯಿಂದ ಜಾರಿದರೆ, ಆದ್ಯತೆ ನೀಡುತ್ತೇವೆ, ಒತ್ತು ಕೊಡುತ್ತೇವೆ, ಹಗಲಿರುಳು ಶ್ರಮಿಸುತ್ತೇವೆ ಅನ್ನೋರನ್ನು ಯಾವ ಮೀಟರಿಗೆ ಕಟ್ಟೋದು? ಶ್ರಮಿಸಿಲ್ಲ ಅಂತ ಸಾಬೀತು ಮಾಡಿ ನೋಡೋಣ. ಮೂಗಿಗೆ ತುಪ್ಪ ಸವರೋರು ಎಷ್ಟು ಗ್ರಾಂ ಅಂತ ಹೇಳಿ ಸವರಲ್ಲ.

ಇಷ್ಟೆಲ್ಲ ಆದ ಮೇಲೆ ಮೇಷ್ಟ್ರು ನಮ್ಮ ಉತ್ಸಾಹಕ್ಕೆ ತಣ್ಣೀರು ಹಾಕಿದರು. ಒಬಾಮಾ ಪಟ್ಟಿಯಲ್ಲಿ ಹೆಚ್ಚೂಕಮ್ಮಿ ಅರ್ಧ ಪೂರೈಸಿದ್ದಂತೆ, ಮುರಿದಿದ್ದು ಕಾಲು ಭಾಗದಷ್ಟು. 12 ದೇಶಗಳ 20,000ಕ್ಕೂ ಹೆಚ್ಚು ಭರವಸೆಗಳನ್ನು ಹೆಕ್ಕಿ ನೋಡಿದ ಸಂಶೋಧಕರಿಗೂ, ಒಂದೇ ಪಕ್ಷದ ಸರ್ಕಾರಗಳು ಮೈತ್ರಿ ಸರ್ಕಾರಗಳಿಗಿಂತ ಚೆನ್ನಾಗಿ ಮಾತು ಉಳಿಸಿಕೊಂಡಿದ್ದು ಕಂಡಿತಂತೆ.

"ಅರ್ಧ ಪೂರೈಸಿಬಿಟ್ಟರೆ ನಾವು ಸಂಜೆ ಹೊತ್ತು ಬೈಯೋದು ಯಾರನ್ನ?" ಉದ್ದಣ್ಣನಿಗೆ ನಿಜವಾಗಲೂ ಬೇಜಾರಾಯಿತು.

ಇದೇ ಸಮಯ ಅಂತ ನಾನು ಬಾಯಿ ಬಿಟ್ಟೆ. "ನಿನ್ನನ್ನೇ ಬೈಯೋಣ. ನನ್ನ ಏಣಿ ಎಲ್ಲಿ? ಭಾನುವಾರ ವಾಪಸ್ ಕೊಡ್ತೀನಿ ಅಂದಿದ್ದೆ."

"ಯಾವ ಭಾನುವಾರ ಅಂತ ಹೇಳಿದ್ನಾ?"

"ಹೇಳಿಲ್ಲ," ಅಂದರು ವಕೀಲರು, ಸಂಭಾವನೆ ಇಲ್ಲದೆ ಅವನ ಕಡೆ ವಾಲುತ್ತಾ. "ಗಡುವು ನಿಗದಿಯಾಗಿಲ್ಲ. ಮೇಲಾಗಿ ಗೋಡೆ ಕೆಲಸ ಮುಗಿಯೋದು ಪೂರ್ತಿ ಅವನ ಕೈಯಲ್ಲಿಲ್ಲ, ಮನೆಯವರೂ ಬಣ್ಣ ಒಪ್ಪಬೇಕು."

"ಗವರ್ನರಿಗೆ ಶಾಸನಸಭೆ ಇದ್ದ ಹಾಗೆ," ಅಂದ ಉದ್ದಣ್ಣ, ಇದುವರೆಗೂ ಪಾಠ ಕೇಳಿಸಿಕೊಂಡಿದ್ದಾನೆ ಅಂತ ನಮಗೆ ಗೊತ್ತಾಗಿದ್ದೇ ಆಗ.

ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದರು. ಅದನ್ನು ಕಂಡರೆ ಉದ್ದಣ್ಣನಿಗೆ ಈಗಲೂ ಭಯ. "ನಾಳೆ ಬೆಳಿಗ್ಗೆ, ಖಂಡಿತ," ಅಂದ. ನಾಳೆ ಅಂದರೆ ಯಾವ ತಾರೀಖು, ಯಾವ ಏಣಿ, ಯಾರ ಮನೆ, ಎಲ್ಲವನ್ನೂ ನಾನು ಚೀಟಿಯಲ್ಲಿ ಬರೆಸಿಕೊಂಡೆ.

ಮರುದಿನ ಬಾಗಿಲು ತೆಗೆದರೆ ಗೋಡೆಗೆ ಏಣಿ ಒರಗಿತ್ತು. ಅದು ಎರಡು ಭಾಗ ಜೋಡಿಸೋ ಏಣಿ. ಬಂದಿದ್ದು ಒಂದು ಭಾಗ, ಅದೂ ಮೇಲಿನದು. ಮೇಷ್ಟ್ರಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಯೋಚಿಸಿ, "ರಾಜಿ ಖಾನೆಗೆ ಹಾಕಿಕೋ" ಅಂದರು.