ಹಾಸ್ಯಬರಹದಲ್ಲಿ ‘ಕಣ್ಗಾವಲು’ ಸಲ್ಲುತ್ತದೆಯೇ?

ದಿನನಿತ್ಯದ ಬದುಕನ್ನು ಕುರಿತ ಹಾಸ್ಯಪ್ರಬಂಧಗಳ ಬಗ್ಗೆ ಬರೆಯುತ್ತಿರುವಾಗ ಎದುರಾದ ಪದಸಮಸ್ಯೆಯೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಇಂಥ ಪ್ರಬಂಧಗಳಲ್ಲಿ ನಗು ಬಹುಮಟ್ಟಿಗೆ ಹುಟ್ಟುವುದು ‘ನೋಡಿದವರು ಏನಂದುಕೊಂಡಾರು’ ಎಂಬ ಅಳುಕಿನಿಂದ. ಆ ಅಳುಕಿನ ಹಿಂದಿರುವ ನೋಟವನ್ನು ‘ಕಣ್ಗಾವಲು’ ಎಂದು ಕರೆದರೆ ವಾಕ್ಯವೇ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಂತಾಗುತ್ತದೆ. ಕ್ಯಾಮೆರಾ, ಗಡಿ, ಆರೋಪಿ, ಇಲಾಖೆ ಇವೆಲ್ಲ ಆ ಪದಕ್ಕೆ ಅಂಟಿಕೊಂಡಿವೆ. ಅಲ್ಲಿ ನೋಡುವವನು ಬೇರೆ, ನೋಟಕ್ಕೆ ಸಿಕ್ಕವನು ಬೇರೆ.

ಹಾಸ್ಯದಲ್ಲಿ ಇಬ್ಬರೂ ಒಬ್ಬನೇ ಆಗಿರುವುದುಂಟು. ರಸ್ತೆಯಲ್ಲಿ ಒಂದಷ್ಟು ದೂರ ನಡೆದವನಿಗೆ ದಾರಿ ತಪ್ಪಿದ್ದು ಹೊಳೆಯಿತು ಎನ್ನಿ. ಅವನು ಸುಮ್ಮನೆ ಹಿಂತಿರುಗುವುದಿಲ್ಲ. ನಿಂತು, ಜೇಬಿನಿಂದ ಮೊಬೈಲ್ ತೆಗೆದು, ಬಾರದ ಸಂದೇಶವನ್ನು ಹುಬ್ಬು ಗಂಟಿಕ್ಕಿಕೊಂಡು ಓದಿ, ತುರ್ತು ಕೆಲಸ ಬಿದ್ದವನಂತೆ ತಲೆಯಾಡಿಸಿ, ಆಮೇಲೆ ತಿರುಗುತ್ತಾನೆ. ರಸ್ತೆಯಲ್ಲಿ ನರಪಿಳ್ಳೆಯೂ ಇರುವುದಿಲ್ಲ. 1791ರಲ್ಲಿ ಇಂಗ್ಲಿಷ್ ದಾರ್ಶನಿಕ ಜೆರೆಮಿ ಬೆಂಥಮ್ ಪ್ರಕಟಿಸಿದ ಸೆರೆಮನೆಯ ಯೋಜನೆಯಲ್ಲಿ, ನಡುಗೋಪುರದ ಕಾವಲುಗಾರ ಯಾವ ಗಳಿಗೆಯಲ್ಲಿ ತಮ್ಮತ್ತ ನೋಡುತ್ತಾನೆಂಬುದು ತಿಳಿಯದ ಕಾರಣ ಕೈದಿಗಳು ಸದಾ ಎಚ್ಚರದಿಂದಿರಬೇಕಾಗುತ್ತದೆ. 1975ರಲ್ಲಿ ಫ್ರೆಂಚ್ ಚಿಂತಕ ಮಿಶೆಲ್ ಫೂಕೋ ಅದನ್ನೇ ಎತ್ತಿಕೊಂಡು, ಹೀಗೆ ನೋಟಕ್ಕೆ ಒಳಗಾದವನು ಕೊನೆಗೆ ತನ್ನ ಕಾವಲನ್ನು ತಾನೇ ವಹಿಸಿಕೊಳ್ಳುತ್ತಾನೆಂದು ವಾದಿಸಿದರು. ನಮ್ಮ ಪಾದಚಾರಿಗೆ ಗೋಪುರವೂ ಬೇಕಾಗಿಲ್ಲ.

ಈ ಅರ್ಥಕ್ಕೆ ಹೊಂದುವಂತೆ ನನಗೆ ಕಾಣುವುದು ‘ನೋಡಿಕೊಳ್ಳು’. ‘ಮಗುವನ್ನು ನೋಡಿಕೊಳ್ಳುತ್ತೇನೆ’ ಎಂದರೆ ಆರೈಕೆ; ‘ನಿನ್ನನ್ನು ಆಮೇಲೆ ನೋಡಿಕೊಳ್ಳುತ್ತೇನೆ’ ಎಂದರೆ ಬೆದರಿಕೆ; ‘ಕನ್ನಡಿಯಲ್ಲಿ ನೋಡಿಕೊಂಡ’ ಎಂದರೆ ತನ್ನ ಮೇಲೆ ತಾನೇ ಹಾಯಿಸಿದ ಕಣ್ಣು. ಅಕ್ಕರೆಯೂ ದಬ್ಬಾಳಿಕೆಯೂ ಸ್ವಂತ ತಪಾಸಣೆಯೂ ಒಂದೇ ಕ್ರಿಯಾಪದದಲ್ಲಿ ಅಡಗಿರುವುದರಿಂದ, ಹಿತೈಷಿಗಳ ಕಾಟವನ್ನು ಬಣ್ಣಿಸುವವರಿಗೆ ಇದಕ್ಕಿಂತ ಒದಗಿ ಬರುವ ಮಾತು ಸಿಗಲಾರದು. 1900ರಲ್ಲಿ ಫ್ರೆಂಚ್ ದಾರ್ಶನಿಕ ಆನ್ರಿ ಬೆರ್ಗ್‌ಸನ್ ನಗುವನ್ನೇ ಸಮಾಜವು ವ್ಯಕ್ತಿಯನ್ನು ತಿದ್ದುವ ಸಾಧನವೆಂದು ವಿವರಿಸಿದ್ದರು. ಅದನ್ನು ಒಪ್ಪಿದರೆ ನಗಿಸುವ ಲೇಖಕರೂ ‘ನೋಡಿಕೊಳ್ಳುವವರ’ ಪೈಕಿಯೇ ಆಗುತ್ತಾರೆ.

ತೊಡಕಿರುವುದು ನಾಮಪದದಲ್ಲಿ. ‘ನೋಡಿಕೊಳ್ಳುವಿಕೆ’ ಎಂದು ಓದಿ ಮುಗಿಸುವಷ್ಟರಲ್ಲಿ ನಗು ಆರಿಹೋಗಿರುತ್ತದೆ. ನೋಟವೆಂಬ ಅರ್ಥದ ಫಾರಸಿ ಶಬ್ದದಿಂದ ಬಂದ ‘ನಿಗಾ’ ಇದಕ್ಕೆ ಹತ್ತಿರದ್ದು. ‘ತೀವ್ರ ನಿಗಾ ಘಟಕ’ ಎನ್ನುವಾಗ ಅದರಲ್ಲಿ ಆರೈಕೆಯ ಅರ್ಥವೂ ಸೇರಿರುತ್ತದೆ. ಆದರೆ ‘ಸ್ವನಿಗಾ’ ಎಂದು ಜೋಡಿಸಿದರೆ ಸಂಸ್ಕೃತಕ್ಕೆ ಅನ್ಯಭಾಷೆಯ ಪದ ಬೆಸೆದ ಅರಿಸಮಾಸವಾಗುತ್ತದೆ (ವೈಯಾಕರಣರು ಕ್ಷಮಿಸಿದರೂ ಕಿವಿ ಕ್ಷಮಿಸದು).

ಇದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆಯಿದೆ. ಸಮಾಜವು ನಮ್ಮನ್ನು ನಮಗರಿವಿಲ್ಲದಂತೆ ಒಂದು ಅಚ್ಚಿಗೆ ತರುವುದಕ್ಕೆ ‘ಸಂಸ್ಕಾರ’ ಎಂದರೆ ಹೊಗಳಿಕೆಯಾಗುತ್ತದೆ, ‘ಪಳಗಿಸುವುದು’ ಎಂದರೆ ಆನೆ ಕುದುರೆಗಳು ನೆನಪಾಗುತ್ತವೆ. ‘ಒಗ್ಗು’, ‘ಒಗ್ಗಿಸು’ ಜೋಡಿಯೇ ನನಗೆ ಮೆಚ್ಚುಗೆಯಾದದ್ದು. ಪಾತ್ರವು ‘ನನಗೆ ಒಗ್ಗಿಹೋಗಿದೆ’ ಎನ್ನುತ್ತದೆ. ಒಗ್ಗಿಸಿದವರು ಯಾರೆಂಬುದು ಓದುಗರಿಗೆ ಮಾತ್ರ ಕಾಣುತ್ತದೆ. ಪಾತ್ರ ನುಂಗಿಕೊಂಡ ಆ ‘ಇಸು’ ಪ್ರತ್ಯಯದಲ್ಲೇ ಹಾಸ್ಯವೆಲ್ಲ ಇದೆ.

‘ನೋಡಿಕೊಳ್ಳು’ ಎಂಬುದರಿಂದ ಹುಟ್ಟಿದ ಚಿಕ್ಕ ನಾಮಪದ ಯಾವುದಾದರೂ ಆಡುಮಾತಿನಲ್ಲಿ ಬಳಕೆಯಲ್ಲಿದ್ದರೆ, ಅದು ಬಂದ ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ. ಸಿಗದಿದ್ದಲ್ಲಿ ‘ತನ್ನ ಮೇಲೆ ತಾನಿಟ್ಟ ನಿಗಾ’ ಎಂದು ಬಿಡಿಸಿಯೇ ಬರೆಯುವುದು ಸದ್ಯದ ಆಲೋಚನೆ. ಅದಕ್ಕೆ ಆಕ್ಷೇಪಗಳಿದ್ದರೆ ಅವೂ ಬರಲಿ.