ಐ7 ಸ್ಟಿಕ್ಕರ್ ನೋಡಿ ದುಡ್ಡು ಹಾಕ್ಬೇಡ ಪುಟ್ಟಿ

ಪುಟ್ಟೀ, ನಾನು ನಿನ್ನ ದೊಡ್ಡಮ್ಮ, ಗ್ರೂಪಲ್ಲಿ ನಿನ್ನ ಮೆಸೇಜ್ ಈಗ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ಸಂಜೆ ಆಗುತ್ತೆ, ಅದಕ್ಕೇ ಮಾತಾಡಿ ಕಳಿಸ್ತಿದೀನಿ, ಕೊನೇ ತನಕ ಕೇಳಿಸ್ಕೋ. ನಿನ್ನ ಮಗಳು ಬಿಕಾಂ ಸೇರಿದಾಳೆ, ಮನೇಲಿ ಲೆಕ್ಕ ಬರೆಯೋ ಟ್ಯಾಲಿ, ಎಕ್ಸೆಲ್ ಮಾಡಕ್ಕೆ ಕಂಪ್ಯೂಟರ್ ಬೇಕು. ತುಮಕೂರಿನ ಅಂಗಡಿಯವನು ರಿಫರ್ಬಿಶ್ಡ್ ಸೆಟ್ಟು, ಅಂದ್ರೆ ಹಳೇದನ್ನ ಸರಿಮಾಡಿ ಮಾರೋದು, ಐ7 ಪ್ರೊಸೆಸರ್, 8 ಜಿಬಿ ರಾಮ್, 500 ಜಿಬಿ ಹಾರ್ಡ್ ಡಿಸ್ಕ್, 19 ಇಂಚು ಮಾನಿಟರ್, ಎಲ್ಲಾ ಸೇರಿ 11,000ಕ್ಕೆ ಕೊಡ್ತಾನಂತೆ. ಸಂಜೆ ಒಳಗೆ 2,000 ಅಡ್ವಾನ್ಸ್ ಹಾಕ್ಬೇಕಂತೆ. ಹಾಕಲಾ ಅಂತ ಕೇಳಿದೀಯ.

ಹಾಕ್ಬೇಡ. ಐ7 ಅನ್ನೋ ಸ್ಟಿಕ್ಕರ್ ನೋಡಿ ಯಾರಿಗೂ ದುಡ್ಡು ಹಾಕ್ಬೇಡ. ಅದರ ಮುಂದಿನ ನಂಬರ್ ಏನು ಅಂತ ಕೇಳು. ನೀನು ಕೇಳಿಲ್ಲ, ಅವನಾಗಿ ಹೇಳಿಲ್ಲ. ಹೇಳಿಲ್ಲಾ ಅಂದ್ರೆ ಹೇಳೋ ಹಾಗಿರೋ ನಂಬರ್ ಅಲ್ಲ ಅಂತ್ಲೇ ಲೆಕ್ಕ.

ನಮ್ಮ ಟೈಪಿಂಗ್ ಅಂಗಡಿ ನಿಮಗೆಲ್ಲ ಗೊತ್ತಲ್ಲ, ತಿಪಟೂರು ತಾಲ್ಲೂಕಾಫೀಸ್ ಎದುರಿಂದು. 2018ರಲ್ಲಿ ಎರಡನೇ ಟೇಬಲ್ಲಿಗೆ ಅಂತ ಹಿಂಗೇ ಒಂದು ತಂದಿದ್ದೆ. ಸಣ್ಣ ಮೈಯ್ಯಿನ ಆಫೀಸ್ ಮಷೀನು, ಮಲಗಿಸಿಟ್ರೆ ಮೇಲೆ ಮಾನಿಟರ್ ಕೂರುತ್ತಲ್ಲ, ಆ ಥರದ್ದು. ಹಣೆ ಮೇಲೆ ಐ7 ಅಂತ ಹೊಳೆಯೋ ಚೀಟಿ. ತಂದ್ಮೇಲೆ ನೋಡಿದ್ರೆ ಐ7 2600. ಅಂದ್ರೆ ಇಂಟೆಲ್ ಪ್ರೊಸೆಸರಿನ ಎರಡನೇ ಜನರೇಷನ್, ಎರಡನೇ ತಲೆಮಾರು, 2011ರಲ್ಲಿ ಬಂದಿದ್ದು. ಪ್ರೊಸೆಸರ್ ಅಷ್ಟು ಬೇಗ ಸಾಯಲ್ಲ ಪುಟ್ಟಿ, ಅದರ ಮೇಲೆ ನಂದು ಏನೂ ದೂರಿಲ್ಲ. ಆದ್ರೆ ಆ ನಂಬರ್ ಇದೆಯಲ್ಲ, ಅದು ಇಡೀ ಡಬ್ಬದ ವಯಸ್ಸು. ಬೋರ್ಡು, ಒಳಗೆ ಕರೆಂಟ್ ಕೊಡೋ ಎಸ್‌ಎಂಪಿಎಸ್ಸು, ಫ್ಯಾನು, ಡಿಸ್ಕು, ಎಲ್ಲಕ್ಕೂ ಅಷ್ಟೇ ವಯಸ್ಸಾಗಿರುತ್ತೆ. ರಿಫರ್ಬಿಶ್ಡ್ ಅಂದ್ರೆ ಬಹಳ ಕಡೆ ಏನು ಮಾಡ್ತಾರೆ ಗೊತ್ತಾ, ಬ್ಲೋಯರ್ ಹಾಕಿ ಧೂಳು ಹೊಡೀತಾರೆ, ಕ್ಯಾಬಿನೆಟ್ ಒರೆಸ್ತಾರೆ, ವಿಂಡೋಸ್ ಹೊಸದಾಗಿ ಹಾಕ್ತಾರೆ, ಸ್ಟಿಕ್ಕರ್ ಅಂಟಿಸ್ತಾರೆ.

ಮಾಘ ಮಾಸ, ಲಗ್ನಪತ್ರಿಕೆ ಕೆಲಸ ತಲೆ ಮೇಲಿದೆ, ಟಪ್ ಅಂತ ಎಸ್‌ಎಂಪಿಎಸ್ ಹೋಯ್ತು. ತಿಪಟೂರಲ್ಲಿ ಮಾಮೂಲಿ ಎಸ್‌ಎಂಪಿಎಸ್ ಸಿಗುತ್ತೆ, ಆದ್ರೆ ಆ ಚಪ್ಪಟೆ ಕ್ಯಾಬಿನೆಟ್ ಒಳಗೆ ಕೂರಲ್ಲ. ಕೊನೆಗೆ ಮುಚ್ಚಳ ತೆಗೆದು, ಹೊಸ ಎಸ್‌ಎಂಪಿಎಸ್ ಪಕ್ಕದಲ್ಲಿಟ್ಟು, ವೈರು ಮುಟ್ಟಲಿ ಅಂತ ಅದರ ಕೆಳಗೆ ಖಾಲಿ ಪತ್ರಿಕೆ ಕಟ್ಟು ಕೊಟ್ಟು ಎತ್ತರಿಸಿ, 11 ದಿನ ಹಂಗೇ ಪತ್ರಿಕೆ ಮಾಡೋ ಪೇಜ್‌ಮೇಕರ್ ಓಡಿಸಿದ್ವಿ. ಅದೂ ಪ್ಲಗ್ 24 ಪಿನ್ನಿಂದಾಗಿತ್ತು ಅಂತ ಬಚಾವ್. ಆಮೇಲೆ ಬಂದ ಎಷ್ಟೋ ಆಫೀಸ್ ಮಷೀನಲ್ಲಿ ಬೋರ್ಡಿಗೆ ಹೋಗೋ ಪ್ಲಗ್ಗೇ 6 ಪಿನ್ನೋ 8 ಪಿನ್ನೋ ಇರುತ್ತೆ, ಹೊರಗಿಟ್ಟು ಓಡಿಸೋ ಆಟಾನೂ ನಡೆಯಲ್ಲ, ಅದೇ ಮಾಡೆಲ್ಲಿನ ಎಸ್‌ಎಂಪಿಎಸ್ ಹುಡುಕ್ಕೊಂಡು ಬೆಂಗಳೂರು ಎಸ್‌ಪಿ ರೋಡಿಗೆ ಹೋಗ್ಬೇಕು.

ಅಷ್ಟಕ್ಕೇ ಮುಗೀಲಿಲ್ಲ. ಅನುಮಾನ ಬಂದು ಡಿಸ್ಕ್ ಚೆಕ್ ಮಾಡಿದ್ರೆ 41,000 ಗಂಟೆ ಓಡಿದೆ. ವರ್ಷಕ್ಕೆ 8,760 ಗಂಟೆ, ಭಾಗಿಸ್ಕೋ, ನಾಲ್ಕೂಮುಕ್ಕಾಲು ವರ್ಷ ಹತ್ತಿರ ಹಗಲೂ ರಾತ್ರಿ ಆರಿಸದೇ ಓಡಿರೋ ಡಿಸ್ಕು. ಆರು ತಿಂಗಳು ಕಳೀತು, ಪರದೆ ಮೂಲೇಲಿ ವಿಂಡೋಸ್ ಆಕ್ಟಿವೇಟ್ ಮಾಡಿ ಅಂತ ಬೂದಿ ಬಣ್ಣದ ಅಕ್ಷರ ಬಂತು. 180 ದಿನದ ಕಳ್ಳ ಆಕ್ಟಿವೇಷನ್ ಹಾಕಿ ಕೊಟ್ಟಿದ್ದಾನೆ, ಪುಣ್ಯಾತ್ಮ.

ಅದಕ್ಕೇ ಮತ್ತೆ ಹೇಳ್ತೀನಿ, ಸ್ಟಿಕ್ಕರ್ ನೋಡಿ ದುಡ್ಡು ಹಾಕ್ಬೇಡ, ನಂಬರ್ ನೋಡು. ತಿಪಟೂರಿನವರು ನಾವು, ಕಾಯಿ ಅಲ್ಲಾಡಿಸಿ ಶಬ್ದ ಕೇಳಿ ಒಳಗೆ ಕೊಬ್ಬರಿ ಒಣಗಿ ಗಿಟಕು ಆಗಿದೆಯೋ ಇಲ್ವೋ ಹೇಳ್ತೀವಿ, ಕಂಪ್ಯೂಟರ್ ಅಂದ ತಕ್ಷಣ ಸಿಪ್ಪೆ ನೋಡಿ ಕೊಂಡ್ಕೊಂಡು ಬರ್ತೀವಿ.

ಹೋಗಲಿ, ಇದನ್ನ ನಾನು ಯಾರಿಗೆ ಹೇಳಲಿ? ನೀನು ಗ್ರೂಪಲ್ಲಿ ಕೇಳಿದ್ದು ಏನು? "ದೊಡ್ಡಪ್ಪ, ಸ್ವಲ್ಪ ನೋಡಿ ಹೇಳಿ." ದೊಡ್ಡಪ್ಪಾನಾ! ಮೌಸಿಗೆ ಶೆಲ್ ಹಾಕಕ್ಕೂ ನನ್ನನ್ನೇ ಕರೆಯೋ ಮನುಷ್ಯ. ಇಪ್ಪತ್ತೆರಡು ವರ್ಷ ಅಂಗಡೀಲಿ ನುಡಿ ಟೈಪಿಂಗು, ಪ್ರಿಂಟರು, ರಾಮ್ ಬದಲಾಯಿಸೋದು ಎಲ್ಲಾ ಮಾಡಿದ್ದು ನಾನು, ಗಲ್ಲಾದಲ್ಲಿ ಕೂತಿದ್ದವರು ಅವರು, ಸಲಹೆ ಮಾತ್ರ ಎಲ್ರೂ ಕೇಳೋದು ಅವರನ್ನ. ಕೆ.ಬಿ. ಕ್ರಾಸ್ ಭಾವನೂ ಹಂಗೇ. ಲ್ಯಾಪ್‌ಟಾಪ್ ತಗೊಳೋವಾಗ ಇವರಿಗೆ ಫೋನು, ಕೆಟ್ಟಾಗ ನನಗೆ. ಗೃಹಪ್ರವೇಶಕ್ಕೆ ಹೋದ್ರೆ ಸತ್ಯನಾರಾಯಣನ ಪ್ರಸಾದ ಕೈಗೆ ಬರೋ ಮುಂಚೆ ನನ್ನನ್ನ ಪ್ರಿಂಟರ್ ಮುಂದೆ ಕೂರಿಸಿದ್ರು, ಹಾಲ್ಕುರಿಕೆ ಅತ್ತೇನೇ ಸಾಕ್ಷಿ, ಅವರೂ ಈ ಗ್ರೂಪಲ್ಲೇ ಇದಾರೆ, ಬೇಕಾದ್ರೆ ಕೇಳಿ. ಅತ್ತೆ, ನೀವು ಹೆಬ್ಬೆಟ್ಟು ಒತ್ತಿ ಸುಮ್ಮನಾಗ್ಬೇಡಿ, ಹೇಳಿ.

ಅಯ್ಯೋ, ಪುಟ್ಟಿ ಕೇಳಿದ್ದು ಹಂಗೇ ಉಳೀತು ನೋಡು. ಏನು ತಗೋಬೇಕು ಅಂತ ತಾನೇ. ಪೆನ್ನು ತಗೋ.

ಐ3, ಐ5, ಐ7 ಏನೇ ಇರಲಿ, ಮುಂದೆ ನಾಲ್ಕು ಅಂಕಿ ಇದ್ರೆ ಮೊದಲನೇದು ಜನರೇಷನ್. ಐ5 8500 ಅಂದ್ರೆ ಎಂಟನೇದು. ಐ5 4590 ಅಂದ್ರೆ ನಾಲ್ಕನೇದು. 10400 ಥರ ಐದು ಅಂಕಿ ಇದ್ರೆ ಮೊದಲ ಎರಡು, ಅಂದ್ರೆ ಹತ್ತನೇದು. 870 ಥರ ಮೂರೇ ಅಂಕಿ ಇದ್ರೆ ಮೊದಲನೇ ಜನರೇಷನ್, ಕೈ ಮುಗಿದು ಬಾ. ನಿನಗೆ ಎಂಟು ಅಥವಾ ಮೇಲೆ ಬೇಕು. ಯಾಕೆ ಅಂದ್ರೆ ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ನಿಂತೋಯ್ತು, ವಿಂಡೋಸ್ 11 ಕ್ರಮವಾಗಿ ಕೂರೋದು ಇಂಟೆಲ್ಲಲ್ಲಿ ಎಂಟನೇ ಜನರೇಷನ್ನಿಂದ. "ಮೇಡಂ, ಇದರಲ್ಲೇ 11 ಹಾಕಿದೀವಿ" ಅಂತ ತೋರಿಸ್ತಾರೆ, ಅದಕ್ಕೆ ಮರುಳಾಗ್ಬೇಡ. ತಪಾಸಣೆ ತಪ್ಪಿಸಿ ಹಳೇದಕ್ಕೂ ಹಾಕ್ಬಹುದು, ಆಮೇಲೆ ವರ್ಷದ ದೊಡ್ಡ ಅಪ್‌ಡೇಟ್ ತಾನಾಗಿ ಬರಲ್ಲ.

ಬಿಕಾಂ ಹುಡುಗಿಗೆ ಐ7 ಬೇಕೇ ಇಲ್ಲ. ಐ5 8500ರಲ್ಲಿ ಆರು ಕೋರ್ ಇದೆ, ಐ3 8100ರಲ್ಲಿ ನಾಲ್ಕಿದೆ, ಟ್ಯಾಲಿಗೂ ಎಕ್ಸೆಲ್ಲಿಗೂ ಅದೇ ಸಾಕು. ಡಿಸ್ಕ್ ಮಾತ್ರ ಎಸ್‌ಎಸ್‌ಡಿ ಇರ್ಲಿ, ಅಂದ್ರೆ ಒಳಗೆ ತಿರುಗೋ ತಟ್ಟೆ ಇಲ್ಲದ ವೇಗದ ಡಿಸ್ಕು, 256 ಜಿಬಿ ಸಾಕು, ಅದು ಹೊಸದಾಗಿರ್ಲಿ. ಹಳೇ 500 ಜಿಬಿ ಹಾರ್ಡ್ ಡಿಸ್ಕಲ್ಲಿ ವಿಂಡೋಸ್ 11 ತೆವಳುತ್ತೆ, ಮಗು ಬೈಯ್ಯೋದು ಪ್ರೊಸೆಸರನ್ನ. ರಾಮ್ 8 ಜಿಬಿ ಒಂದೇ ಸ್ಟಿಕ್ಕಲ್ಲಿ ಇದ್ದು ಇನ್ನೊಂದು ಸ್ಲಾಟ್ ಖಾಲಿ ಇದ್ರೆ ಒಳ್ಳೇದು, ಮುಂದೆ ಸೇರಿಸ್ಬಹುದು. ಮಾಡೆಲ್ ಹೆಸರು ಕೇಳಿದ್ರೆ ಡೆಲ್ ಆಪ್ಟಿಪ್ಲೆಕ್ಸ್ 3060 ಅಥವಾ 5060, ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ4, ಲೆನೊವೊ ಥಿಂಕ್‌ಸೆಂಟರ್ ಎಂ720, ಇವೆಲ್ಲ ಎಂಟನೇ ಜನರೇಷನ್ ಕಾಲದವು. 3050, 3040 ಅಂದ್ರೆ ಹಿಂದಿನವು, ಬೇಡ.

ಅಂಗಡಿಗೆ ಹೋದಾಗ ಆಫ್ ಮಾಡಿಟ್ಟಿರೋ ಮಷೀನನ್ನ ನಿನ್ನ ಎದುರೇ ಆನ್ ಮಾಡಿಸು. ಡೆಲ್ ಆದ್ರೆ ಎಫ್2, ಎಚ್‌ಪಿ ಎಫ್10, ಥಿಂಕ್‌ಸೆಂಟರ್ ಎಫ್1 ಒತ್ತುತ್ತಾ ಇದ್ರೆ ಬಯೋಸ್, ಅಂದ್ರೆ ವಿಂಡೋಸಿಗೂ ಮುಂಚಿನ ಸೆಟ್ಟಿಂಗ್ ಪರದೆ ತೆರೆಯುತ್ತೆ. ಅಲ್ಲಿ ಪಾಸ್‌ವರ್ಡ್ ಕೇಳಿದ್ರೆ ಅದು ಹಳೇ ಕಂಪನಿಯವರು ಹಾಕಿದ ಬೀಗ, ತೆಗೆಸಿಕೊಡದೇ ದುಡ್ಡು ಕೊಡ್ಬೇಡ. ವಿಂಡೋಸ್ ಬಂದ್ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ತೆರೆಯೋ ಟಾಸ್ಕ್ ಮ್ಯಾನೇಜರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗು. ಪ್ರೊಸೆಸರ್ ಪೂರ್ತಿ ನಂಬರ್, ರಾಮ್ ಎಷ್ಟು ಸ್ಲಾಟಲ್ಲಿದೆ, ಡಿಸ್ಕ್ ಎಸ್‌ಎಸ್‌ಡಿನಾ ಅಲ್ವಾ, ಎಲ್ಲಾ ಅಲ್ಲೇ ಬರೆದಿರುತ್ತೆ, ಯಾವ ಸ್ಟಿಕ್ಕರೂ ಬೇಡ. ಆಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಟಿಪಿಎಂ ಚುಕ್ಕೆ ಎಂಎಸ್‌ಸಿ ಅಂತ ಹೊಡಿ, ಅದು ವಿಂಡೋಸ್ 11 ಕೇಳೋ ಭದ್ರತಾ ಚಿಪ್ಪು, 2.0 ಅಂತ ಬರ್ಬೇಕು. ಮತ್ತೆ ಹಂಗೇ ವಿಂಡೋಸ್ ಕೀ, ಆರ್ ಒತ್ತಿ ಎಸ್‌ಎಲ್‌ಎಂಜಿಆರ್, ಒಂದು ಸ್ಪೇಸು, ಸ್ಲ್ಯಾಶ್, ಎಕ್ಸ್‌ಪಿಆರ್ ಅಂತ ಹೊಡಿ. ಶಾಶ್ವತವಾಗಿ ಆಕ್ಟಿವೇಟ್ ಆಗಿದೆ ಅಂತ ಬರ್ಬೇಕು. ಮುಗಿಯೋ ತಾರೀಕು ತೋರಿಸಿದ್ರೆ ನನಗಾದ ಕಥೇನೇ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಪೆನ್‌ಡ್ರೈವಲ್ಲಿ ಹಾಕ್ಕೊಂಡು ಹೋಗು, ಡಿಸ್ಕ್ ಎಷ್ಟು ಗಂಟೆ ಓಡಿದೆ ಅಂತ ಹೇಳಿಬಿಡುತ್ತೆ. ಆ ಪೆನ್‌ಡ್ರೈವನ್ನೇ ಹಿಂದೆ ಮುಂದೆ ಇರೋ ಒಂದೊಂದು ಯುಎಸ್‌ಬಿಗೂ ಚುಚ್ಚಿ ನೋಡು. ಮಾನಿಟರಲ್ಲಿ ಖಾಲಿ ವರ್ಡ್ ಪುಟ ದೊಡ್ಡದಾಗಿ ತೆರೆದ್ರೆ ಕಪ್ಪು ಚುಕ್ಕೆ, ಗೆರೆ ಇದ್ರೆ ಕಾಣುತ್ತೆ. ಅರ್ಧ ಗಂಟೆ ಯೂಟ್ಯೂಬ್ ಓಡಿಸಿ ಕೂತ್ಕೋ, ಫ್ಯಾನ್ ಜೋರಾಗಿ ಕಿರುಚಿದ್ರೆ ಪ್ರೊಸೆಸರ್ ಮೇಲೆ ಬಿಸಿ ಎಳೆಯಕ್ಕೆ ಹಚ್ಚೋ ಪೇಸ್ಟ್ ಒಣಗಿರ್ಬಹುದು, ಬದಲಾಯಿಸಿಕೊಡು ಅನ್ನು. ಗಡಿಯಾರ ಹಳೇ ತಾರೀಕು ತೋರಿಸಿದ್ರೆ ಹೆದರ್ಬೇಡ, ಬೋರ್ಡಿನ ಸಿಆರ್2032 ಶೆಲ್ ಹೋಗಿದೆ ಅಷ್ಟೇ, ನಾಣ್ಯದಷ್ಟಿರುತ್ತೆ, ಅಗ್ಗದ್ದು.

ಈ ಆಫೀಸ್ ಮಷೀನಲ್ಲಿ ಸಾಮಾನ್ಯವಾಗಿ ವೈಫೈ ಇರಲ್ಲ, ಮಾನಿಟರ್ ಜೋಡಿಸೋ ಎಚ್‌ಡಿಎಂಐ ಕಿಂಡಿ ಕೂಡ ಎಷ್ಟೋ ಸಲ ಇರಲ್ಲ, ಡಿಸ್‌ಪ್ಲೇಪೋರ್ಟ್ ಇರುತ್ತೆ. ವೈಫೈ ಡಾಂಗಲ್, ಮಾನಿಟರಿಗೆ ಹೊಂದೋ ಕೇಬಲ್, ಕ್ಯಾಮೆರಾ, 600 ವಿಎ ಯುಪಿಎಸ್ ಇವನ್ನೂ ಕೂಡಿಸಿ ರೇಟ್ ಹೋಲಿಸು, 11,000 ಅನ್ನೋದು 11,000 ಅಲ್ಲ. ಬಿಲ್ಲಲ್ಲಿ ಮಾಡೆಲ್ಲು, ಸೀರಿಯಲ್ ನಂಬರು, ವಾರಂಟಿ ಎಷ್ಟು ತಿಂಗಳು, ಎಸ್‌ಎಂಪಿಎಸ್ ಮತ್ತು ಬೋರ್ಡ್ ಅದರಲ್ಲಿ ಸೇರಿದೆಯಾ, ಬರೆಸ್ಕೋ. ಅಂಗಡಿಯವನು ಪುಕ್ಕಟೆ ಟ್ಯಾಲಿ ಹಾಕಿಕೊಡ್ತೀನಿ ಅಂದ್ರೆ ಬೇಡ ಅನ್ನು. ಕಲಿಯೋಕೆ ಟ್ಯಾಲಿ ಕಂಪನಿಯವರದೇ ಎಜುಕೇಷನಲ್ ಮೋಡ್ ದುಡ್ಡಿಲ್ಲದೇ ಬರುತ್ತೆ, ಎಂಟ್ರಿಗೆ 1, 2, 31 ಈ ತಾರೀಕು ಮಾತ್ರ ತಗೊಳುತ್ತೆ, ಅಭ್ಯಾಸಕ್ಕೆ ಧಾರಾಳ.

ಈಗ ಅವನಿಗೆ ಫೋನ್ ಮಾಡಿ ಆ ಪರ್ಫಾರ್ಮೆನ್ಸ್ ಪರದೆ ಫೋಟೋ ತೆಗೆದು ಕಳಿಸಕ್ಕೆ ಹೇಳು. ಕಳಿಸಿದ್ರೆ ನನ್ನ ನಂಬರಿಗೆ ಹಾಕು. ದೊಡ್ಡಪ್ಪನ ನಂಬರಿಗೆ ಹಾಕ್ಬೇಡ.